ಕಿವಿ ಡಾಕ್ಟ್ರು ಬಿಚ್ಚಿ ನೋಡದ ಕ್ಲಚ್ಚು

ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳುತ್ತಾರೆಂದು ಆ ಮೆಕ್ಯಾನಿಕ್ಕಿಗೆ ಕಿವಿ ಡಾಕ್ಟ್ರು ಎಂಬ ಹೆಸರು ಬಿದ್ದಿತ್ತು. ಯಾರೋ ಪುಣ್ಯಾತ್ಮರು ನಿಜವಾದ ಕಿವಿನೋವು ಇಟ್ಟುಕೊಂಡು, ಹತ್ತಿ ತುರುಕಿಕೊಂಡು ವರ್ಕ್‌ಶಾಪ್ ಹುಡುಕಿ ಬಂದದ್ದೂ ಉಂಟು. ಅವರನ್ನೂ ಡಾಕ್ಟ್ರು ಬರಿಗೈಯಲ್ಲಿ ಕಳಿಸಲಿಲ್ಲ, ಒಂದು ಸಲಹೆ ಕೊಟ್ಟೇ ಕಳಿಸಿದರು. ಅಂಥ ಮನುಷ್ಯ! ಗಾಡಿ ಬಂದು ನಿಂತರೆ ಕುರ್ಚಿಯಿಂದ ಏಳುವವರಲ್ಲ. ಕಣ್ಣು ಮುಚ್ಚಿ, ತಲೆಯನ್ನು ಒಂದು ಕಡೆ ವಾಲಿಸಿ, "ಚೈನು" ಅನ್ನುವರು, ಇಲ್ಲವೇ "ಬೇರಿಂಗು" ಅನ್ನುವರು. ಬಿಚ್ಚಿ ನೋಡಿದರೆ ಅದೇ ಆಗಿರುತ್ತಿತ್ತು. ತೊಂದರೆ ಬಂದದ್ದೇ ಅಲ್ಲಿ. ವರ್ಷಾನುಗಟ್ಟಲೆ ಸರಿಯಾಗಿ ಹೇಳಿ ಹೇಳಿ, ತಾನೂ ತಪ್ಪು ಹೇಳಬಹುದು ಎಂಬುದು ಮನುಷ್ಯನಿಗೆ ಮರೆತೇ ಹೋಗುತ್ತದೆ.

ಅವರ ಹಳೆಯ ಮೋಟಾರ್ ಸೈಕಲ್ಲನ್ನು ಈಗ ಓಡಿಸುತ್ತಿದ್ದವಳು ಸೊಸೆ. ಮಗ ಲಾರಿ ಹತ್ತಿದನೆಂದರೆ ವಾರಗಟ್ಟಲೆ ಮನೆ ಕಡೆ ತಲೆ ಹಾಕುವವನಲ್ಲ. ಸೊಸೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಬಾಟಲಿ ತೊಳೆಯುವ ಕೆಲಸಕ್ಕೆ ಸೇರಿದವಳು, ಹಟ ಹಿಡಿದು ಗಾಡಿ ಕಲಿತಳು. ದೂರದ ಕ್ಲಿನಿಕ್ಕುಗಳಿಂದ ರಕ್ತದ ಸ್ಯಾಂಪಲ್ಲುಗಳನ್ನು ಐಸ್ ಡಬ್ಬದಲ್ಲಿ ತರುವ ಕೆಲಸ ಗಿಟ್ಟಿಸಿದಳು. ಬೆಳಿಗ್ಗೆ ಹೆಲ್ಮೆಟ್ ಹಾಕಿಕೊಂಡು ಡಬ್ಬವನ್ನು ಹಿಂದಿನ ಸೀಟಿಗೆ ಬಿಗಿಯುವಾಗ ಅವಳ ಮುಖ ನೋಡಬೇಕಿತ್ತು. ಆ ಕೆಲಸವೆಂದರೆ ಅವಳಿಗೆ ಪ್ರಾಣ.

ಆ ಮಂಗಳವಾರ ಸೇತುವೆಯಾಚೆಯ ದಿಬ್ಬ ಹತ್ತುವಾಗ ಗಾಡಿ ಕೈಕೊಟ್ಟಿತು. ಎಂಜಿನ್ನು ಕೂಗಿಕೊಳ್ಳುತ್ತದೆ, ಚಕ್ರ ಮುಂದಕ್ಕೆ ಹೋಗುವುದಿಲ್ಲ. ಅವಳು ಡಬ್ಬವನ್ನು ಬಾಡಿಗೆ ಗಾಡಿಯಲ್ಲಿ ಸಾಗಿಸಿ, ಮೋಟಾರ್ ಸೈಕಲ್ಲನ್ನು ಮನೆಯವರೆಗೂ ತಳ್ಳಿಕೊಂಡು ಬಂದಳು. ಬಾಡಿಗೆ ಗಾಡಿ ಸಿಕ್ಕಿ ಡಬ್ಬ ಲ್ಯಾಬು ಮುಟ್ಟುವಷ್ಟರಲ್ಲಿ ಐಸು ಕರಗಿ ಸ್ಯಾಂಪಲ್ಲುಗಳು ಹಾಳಾಗಿದ್ದವು. ರೋಗಿಗಳಿಗೆಲ್ಲ ಮತ್ತೆ ಸೂಜಿ ಚುಚ್ಚಬೇಕಾಯಿತು, ಅದರಲ್ಲಿ ಒಂದು ಹಸುಗೂಸೂ ಇತ್ತು. ಲ್ಯಾಬಿನ ಮ್ಯಾನೇಜರು ಡಾಕ್ಟ್ರಿಗೇ ಫೋನ್ ಮಾಡಿದರು. ಲ್ಯಾಬಿನ ಗಾಡಿಗಳೆಲ್ಲ ಇವರ ಕೈಗೇ ಬರುತ್ತಿದ್ದವು, ಆದ್ದರಿಂದ ತುಂಬ ಮರ್ಯಾದೆ.

"ಗಾಡಿ ಕೈಕೊಡ್ತು ಅಂತಿದಾಳೆ ಸರ್ ನಿಮ್ಮ ಸೊಸೆ. ಹೌದಾ? ನೀವು ಹೇಳಿದ್ರೆ ಮುಗೀತು."

ಕೈಯೆಲ್ಲ ಗ್ರೀಸು, ಹಾಗಾಗಿ ಫೋನು ಸ್ಪೀಕರಿನಲ್ಲಿತ್ತು. ಮನೆಗೆ ಅಂಟಿಕೊಂಡಿದ್ದ ವರ್ಕ್‌ಶಾಪಿನ ಬೆಂಚಿನ ತುಂಬ ಗಿರಾಕಿಗಳು. ಸೊಸೆ ಬಾಗಿಲಲ್ಲಿ ಗಾಡಿಯ ಸ್ಟ್ಯಾಂಡ್ ಹಾಕಿ ಬೆವರು ಒರೆಸಿಕೊಳ್ಳುತ್ತಿದ್ದಳು.

"ನನ್ನ ಕೈಯಲ್ಲಿ ಸರ್ವಿಸ್ ಆದ ಗಾಡಿ ಕೈಕೊಡೋದಾ? ಒಳ್ಳೆ ಕಥೆ!" ಎಂದರು ಡಾಕ್ಟ್ರು. "ಗಾಡಿಗೇನೂ ಆಗಿಲ್ಲ ಸರ್. ಓಡಿಸೋರು ಕ್ಲಚ್ಚನ್ನ ಅರ್ಧ ಹಿಡ್ಕೊಂಡೇ ಓಡಿಸಿದ್ರೆ ಯಾವ ಗಾಡಿ ಏರು ಹತ್ತುತ್ತೆ ಹೇಳಿ? ಹೆಂಗಸರ ಕೈ, ಹಿಡ್ಕೊಂಡಿದ್ದನ್ನ ಬಿಡಬೇಕಲ್ಲ!"

ಬೆಂಚಿನ ಮೇಲಿದ್ದವರು ಗೊಳ್ಳೆಂದು ನಕ್ಕರು. ಸೊಸೆ ಏನೋ ಹೇಳಲು ಬಾಯಿ ತೆರೆದಳು. ಬೆಂಚಿನ ಕಡೆ ಒಮ್ಮೆ ನೋಡಿ, ಸುಮ್ಮನೆ ಒಳಗೆ ಹೋದಳು. ಮರುದಿನ ಅವಳನ್ನು ಮತ್ತೆ ಬಾಟಲಿ ತೊಳೆಯಲು ಹಾಕಿದರು. ಸೋಮವಾರದಿಂದ ಸ್ಯಾಂಪಲ್ ತರುವ ಕೆಲಸ ಬೇರೆಯವರಿಗೆ ಎಂದರು.

ಡಾಕ್ಟ್ರು ಗಾಡಿಯನ್ನು ಮುಟ್ಟಲಿಲ್ಲ. ಮುಟ್ಟುವುದೇಕೆ, ರೋಗ ಗೊತ್ತಾಗಿದೆಯಲ್ಲ! ಶನಿವಾರ ಬೆಳಿಗ್ಗೆ ಪಕ್ಕದ ಬೀದಿಯಿಂದ ಸಾಮಾನು ತರುವುದಿತ್ತು, ಬೇರೆ ಗಾಡಿ ಇರಲಿಲ್ಲ, ಅದನ್ನೇ ಏರಿದರು. ಹೇಗೂ ಹೊರಟಿದ್ದೇನೆ, ಗಾಡಿಯಲ್ಲಿ ದೋಷವಿಲ್ಲವೆಂದು ಒಮ್ಮೆ ನೋಡಿಯೇ ಬಿಡೋಣ ಎಂದು ದಿಬ್ಬದ ಕಡೆ ತಿರುಗಿಸಿದರು.

ದಿಬ್ಬದ ನಡುವೆ ಎಂಜಿನ್ನು ಕೂಗಿಕೊಂಡಿತು, ಗಾಡಿ ಮುಂದೆ ಹೋಗಲಿಲ್ಲ. ಗೇರು ಇಳಿಸಿದರು, ಆಗಲೂ ಅದೇ ಕಥೆ. ಪಕ್ಕದಲ್ಲಿ ಸೈಕಲ್ ತುಳಿಯುತ್ತಿದ್ದ ಮುದುಕರೊಬ್ಬರು ಇವರನ್ನು ಹಿಂದೆ ಹಾಕಿ ಹೋದರು. ಇದು ಹೆಂಗಸಿನ ಕೈಯಲ್ಲವಲ್ಲ, ತಮ್ಮದೇ ಕೈ. ರಸ್ತೆ ಬದಿಗೆ ನಿಲ್ಲಿಸಿ ಕ್ಲಚ್ ಲಿವರನ್ನು ಬೆರಳ ತುದಿಯಿಂದ ಅಲ್ಲಾಡಿಸಿದರು. ಒಂದಿಷ್ಟೂ ಆಡಲಿಲ್ಲ. ಮುಟ್ಟಿದ ಕೂಡಲೇ ಕೇಬಲ್ಲು ಎಳೆಯುತ್ತಿತ್ತು.

ಆ ಲಿವರಿಗೆ ಒಂದು ಚೂರು ಸಡಿಲ ಇರಲೇಬೇಕು. ಇಲ್ಲದಿದ್ದರೆ, ಮುಚ್ಚುವ ಬಾಗಿಲಿಗೆ ಯಾರೋ ಸದಾ ಕಾಲು ಅಡ್ಡ ಕೊಟ್ಟಂತೆ, ಕ್ಲಚ್ಚು ಪೂರ್ತಿ ಕಚ್ಚಿಕೊಳ್ಳುವುದೇ ಇಲ್ಲ. ಒಳಗಿನ ಪ್ಲೇಟುಗಳು ಜಾರಿ ಜಾರಿ ಸುಡುತ್ತವೆ. ಕೇಬಲ್ಲನ್ನು ಹಾಗೆ ಬಿಗಿ ಮಾಡಿದವರು ಯಾರು? ಡಾಕ್ಟ್ರೇ. ಸೊಸೆಯ ಬೆರಳು ಚಿಕ್ಕವು, ಲಿವರನ್ನು ದೂರ ಎಳೆಯಬೇಕಾಗದಿರಲಿ ಎಂದು ಕಳೆದ ತಿಂಗಳು ಪ್ರೀತಿಯಿಂದಲೇ ಬಿಗಿದಿದ್ದರು. ಸಡಿಲ ಉಳಿದಿದೆಯೇ ಎಂದು ನೋಡಿರಲಿಲ್ಲ. ಕಿವಿಗೆ ಕೇಳುವಂಥದ್ದಲ್ಲ ಅದು.

ಅಷ್ಟೇ ಆಗಿದ್ದರೆ ನಾಲಿಗೆ ಕಚ್ಚಿಕೊಂಡು ಸುಮ್ಮನಾಗಬಹುದಿತ್ತು. ಅಲ್ಲಿ ನಿಂತಾಗ ಇನ್ನೊಂದು ನೆನಪಾಯಿತು. ಬಿಗಿ ಮಾಡಿದ ಮೊದಲ ದಿನವೇ ಅವಳು ವರ್ಕ್‌ಶಾಪಿಗೆ ಬಂದು ಹೇಳಿದ್ದಳು: "ಮಾವ, ಕ್ಲಚ್ಚು ತೀರಾ ಬಿಗಿ ಆಯ್ತೇನೋ. ಚೂರೂ ಆಡ್ತಾನೇ ಇಲ್ಲ." ಇವರು ತಲೆ ಎತ್ತದೆ, "ನನಗೇ ಪಾಠ ಹೇಳ್ತೀಯೇನಮ್ಮ? ಹೋಗು, ಹೊತ್ತಾಯ್ತು," ಎಂದು ಕಳಿಸಿದ್ದರು.

ನೆಲ ಬಾಯಿ ಬಿಟ್ಟರೆ ಒಳಗೆ ಇಳಿದುಬಿಡೋಣ ಅನ್ನಿಸಿತು. ಸಾಮಾನಿನ ಗೊಡವೆಯೇ ಬೇಡವೆಂದು, ಅವಳು ತಳ್ಳಿಕೊಂಡು ಬಂದ ದಾರಿಯಲ್ಲೇ ಗಾಡಿ ತಳ್ಳಿಕೊಂಡು ಮನೆಗೆ ಬಂದರು.

ವರ್ಕ್‌ಶಾಪಿನ ಬಾಗಿಲು ಎಳೆದುಕೊಂಡು, ಎಣ್ಣೆ ಇಳಿಸಿ, ಕ್ಲಚ್ಚಿನ ಕವರ್ ಬಿಚ್ಚಿದರು. ಸುಟ್ಟ ವಾಸನೆ ಮೂಗಿಗೆ ರಪ್ಪನೆ ಹೊಡೆಯಿತು. ಪ್ಲೇಟುಗಳನ್ನು ಒಂದೊಂದಾಗಿ ಹೊರಗೆ ತೆಗೆದರು. ಹಿಡಿತದ ಪದರವೆಲ್ಲ ಸವೆದು ಕಪ್ಪಾಗಿತ್ತು, ನಡುವಿನ ಉಕ್ಕಿನ ತಟ್ಟೆಗಳು ಕಾದು ನೀಲಿಗಟ್ಟಿದ್ದವು.

ಹೆಂಡತಿ ಬಾಗಿಲು ಸರಿಸಿ ಇಣುಕಿದರು. "ಏನಾಗಿದೆ ಅದಕ್ಕೆ?"

"ಪ್ಲೇಟು ಸುಟ್ಟುಹೋಗಿದೆ."

"ಯಾರ ಕೈಯಿಂದ?"

ಡಾಕ್ಟ್ರು ಪ್ಲೇಟನ್ನು ಬಟ್ಟೆಯಲ್ಲಿ ಒರೆಸುತ್ತಲೇ ಇದ್ದರು. ಅದು ಒರೆಸಿದರೆ ಹೋಗುವ ಕಪ್ಪೇ? "ನನ್ನ ಕೈಯಿಂದ ಕಣೇ," ಎಂದರು ಕೊನೆಗೆ.

"ನನಗೆ ಹೇಳಿ ಏನು ಬಂತು? ನಾನೇನು ಅವಳ ಮ್ಯಾನೇಜರಾ?" ಎಂದು ಹೆಂಡತಿ ಬಾಗಿಲನ್ನು ಹಾರು ಹೊಡೆದು ಹೋದರು.

ಮನುಷ್ಯನ ಬುದ್ಧಿ ನೋಡಿ. ಹೊಸ ಪ್ಲೇಟು ತರಿಸಿ ಎಣ್ಣೆಯಲ್ಲಿ ನೆನೆಹಾಕಿದಾಗಲೂ ಡಾಕ್ಟ್ರು ಒಳಗೊಳಗೇ ಲೆಕ್ಕ ಹಾಕುತ್ತಿದ್ದರು. ಸುಮ್ಮನೆ ರಿಪೇರಿ ಮಾಡಿ, 'ಇನ್ಮೇಲೆ ಹುಷಾರಾಗಿ ಓಡಿಸಮ್ಮ' ಅಂದುಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ? ಹೆಸರು ಕೆಟ್ಟರೆ ವರ್ಕ್‌ಶಾಪಿನ ಗತಿಯೇನು? ರಾತ್ರಿ ಊಟಕ್ಕೆ ಕೂತಾಗ ಸೊಸೆ ನೀರಿನ ಲೋಟ ಇಟ್ಟಳು. ಸೋಪಿನ ನೀರಲ್ಲಿ ನೆಂದು ನೆಂದು ಅವಳ ಬೆರಳ ತುದಿಗಳು ಬೆಳ್ಳಗೆ ಮುದುಡಿದ್ದವು. ಡಾಕ್ಟ್ರು ತಟ್ಟೆ ಪಕ್ಕಕ್ಕೆ ಸರಿಸಿ ಎದ್ದರು.

ಭಾನುವಾರ ಪ್ಲೇಟುಗಳನ್ನು ಜೋಡಿಸಿ, ಹೊಸ ಎಣ್ಣೆ ಹಾಕಿದರು. ಲಿವರಿಗೆ ಸಡಿಲ ಬಿಟ್ಟರು, ಸಾಲದೆಂದು ಇನ್ನೊಂದಿಷ್ಟು ಬಿಟ್ಟರು. ಸೋಮವಾರ ಬೆಳಿಗ್ಗೆ ಸುಟ್ಟ ಪ್ಲೇಟುಗಳನ್ನು ಚೀಲಕ್ಕೆ ಹಾಕಿಕೊಂಡು, ಅವಳು ಗಾಡಿಯಲ್ಲಿ ಹೋದ ಸ್ವಲ್ಪ ಹೊತ್ತಿಗೆ ತಾವು ಆಟೋ ಹತ್ತಿ ಲ್ಯಾಬಿಗೆ ಹೋದರು.

ಮ್ಯಾನೇಜರು ಎದ್ದು ನಿಂತು ಕುರ್ಚಿ ಕೊಟ್ಟರು. ಒಳಗಡೆ ಸಿಂಕಿನ ಮುಂದೆ ಸೊಸೆ ಬಾಟಲಿ ತೊಳೆಯುತ್ತಿದ್ದಳು, ಕೆಲಸದವರೆಲ್ಲ ಓಡಾಡುತ್ತಿದ್ದರು. ಡಾಕ್ಟ್ರು ಪ್ಲೇಟುಗಳನ್ನು ಮೇಜಿನ ಮೇಲೆ ಇಟ್ಟರು. "ತಪ್ಪು ಅವಳದಲ್ಲ ಸರ್. ಕೇಬಲ್ ಬಿಗಿ ಮಾಡಿದ್ದು ನಾನು. ಅದರಿಂದಲೇ ಪ್ಲೇಟು ಸುಟ್ಟಿದ್ದು."

ಮ್ಯಾನೇಜರು ಪ್ಲೇಟನ್ನೂ ನೋಡಿದರು, ಡಾಕ್ಟ್ರನ್ನೂ ನೋಡಿದರು. ಆಮೇಲೆ ನಕ್ಕು ಅವರ ಕೈ ಹಿಡಿದುಕೊಂಡರು. "ಎಂಥ ದೊಡ್ಡ ಮನಸ್ಸು ಸರ್ ನಿಮ್ಮದು! ಸೊಸೆ ಕೆಲಸ ಉಳೀಲಿ ಅಂತ ತಪ್ಪು ಮೈಮೇಲೆ ಹಾಕ್ಕೋತಿದೀರಿ. ನಿಮ್ಮ ಕೈ ತಪ್ಪುತ್ತಾ? ಯಾರಾದ್ರೂ ನಂಬ್ತಾರಾ?"

ಓಡಾಡುತ್ತಿದ್ದವರೂ ನಿಂತು ಮೆಚ್ಚುಗೆಯಿಂದ ನೋಡಿದರು. ಡಾಕ್ಟ್ರು ಅಲ್ಲೇ ಎದ್ದು ಬಂದಿದ್ದರೆ, ಹೇಳಿದಂತೆಯೂ ಆಗುತ್ತಿತ್ತು, ಹೆಸರು ಇನ್ನೂ ಒಂದು ಮೊಳ ಬೆಳೆಯುತ್ತಿತ್ತು. ಎದ್ದೂ ಎದ್ದರು. ಆಗ ಸಿಂಕಿನ ಕಡೆ ಕಣ್ಣು ಹೋಯಿತು. ಸೊಸೆ ಬೆನ್ನು ಹಾಕಿ ನಿಂತಿದ್ದಳು. ನಲ್ಲಿ ಸುರಿಯುತ್ತಿತ್ತು, ಅವಳ ಕೈ ಮಾತ್ರ ಆಡುತ್ತಿರಲಿಲ್ಲ.

ಡಾಕ್ಟ್ರು ಮತ್ತೆ ಕೂತರು. "ಪೂರ್ತಿ ಕೇಳಿ ಸರ್. ಅವಳು ಮೊದಲ ದಿನವೇ ಬಂದು ಹೇಳಿದ್ಲು, ಕ್ಲಚ್ಚು ಬಿಗಿ ಇದೆ ಅಂತ. ರೋಗ ಕಂಡುಹಿಡಿದವಳು ಅವಳು. ನಾನು ಬಾಯಿ ಮುಚ್ಚಿಸಿದೆ. ಆಮೇಲೆ ನೀವು ಫೋನ್ ಮಾಡಿದಾಗ ಗಾಡಿ ಬಿಚ್ಚಿ ಕೂಡ ನೋಡದೆ ನಾಲ್ಕು ಜನರ ಮುಂದೆ, ಅವಳೆದುರಿಗೇ ಅವಳನ್ನ ಆಡಿಕೊಂಡೆ. ನಾಚಿಕೆಗೇಡಿ ಕೆಲಸ ಮಾಡಿದೀನಿ ಸರ್. ಸುಳ್ಳಲ್ಲ."

ಯಾರೂ ನಗಲಿಲ್ಲ. ಮ್ಯಾನೇಜರ ಮುಖದಲ್ಲಿದ್ದ ಆ ಮರ್ಯಾದೆ ಇಳಿಯುವುದನ್ನು ಡಾಕ್ಟ್ರು ಕಣ್ಣಾರೆ ಕಂಡರು. ಮ್ಯಾನೇಜರು ಸಿಂಕಿನ ಕಡೆ ತಿರುಗಿ ಕೇಳಿದರು: "ಹೌದೇನಮ್ಮ? ನೀನು ಹೇಳಿದ್ದೆಯಾ?"

"ಹೇಳಿದ್ದೆ ಸರ್."

"ಮತ್ತೆ ಅವತ್ತು ನಾನು ಫೋನ್ ಮಾಡಿದಾಗ ಯಾಕೆ ಸುಮ್ಮನಿದ್ದೆ? ಪಕ್ಕದಲ್ಲೇ ಇದ್ದೆಯಲ್ಲ?"

ಅವಳು ನಲ್ಲಿ ನಿಲ್ಲಿಸಿದಳು. "ಮಾವನ ಗಿರಾಕಿಗಳೆಲ್ಲ ಕೂತಿದ್ರು ಸರ್," ಎಂದಳು.

ಡಾಕ್ಟ್ರು ಮೇಜಿನ ಮೇಲಿನ ಪ್ಲೇಟುಗಳನ್ನು ಚೀಲಕ್ಕೆ ತುಂಬಿಕೊಳ್ಳತೊಡಗಿದರು. ಒಂದು ಪ್ಲೇಟು ಜಾರಿ ಕೆಳಗೆ ಬಿತ್ತು. ಅವಳೇ ಬಂದು ಎತ್ತಿಕೊಟ್ಟಳು.

ಐಸ್ ಡಬ್ಬ ಮತ್ತೆ ಅವಳ ಕೈಗೆ ಬಂತು. ಹೊರಗೆ ಅವಳು ಅದನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಮುಂದಕ್ಕೆ ಇಟ್ಟುಕೊಂಡು, "ಹತ್ತಿ ಮಾವ, ಮನೆ ಹತ್ರ ಇಳಿಸಿ ಹೋಗ್ತೀನಿ," ಎಂದಳು. ಡಾಕ್ಟ್ರು ತಮ್ಮ ಗಾಡಿಯ ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಎಲ್ಲಿ ಹಿಡಿದುಕೊಳ್ಳಬೇಕೆಂಬುದೂ ತಿಳಿಯದೆ ಸೀಟಿನ ಅಂಚನ್ನು ಗಟ್ಟಿಯಾಗಿ ಹಿಡಿದರು. ದಿಬ್ಬ ಬಂತು. ಎಂಜಿನ್ನು ಕೂಗಲಿಲ್ಲ, ಗಾಡಿ ಇಬ್ಬರನ್ನೂ ಹೊತ್ತು ಸರಾಗವಾಗಿ ಏರಿತು. ಡಾಕ್ಟ್ರ ಕಿವಿಗೆ ಯಾವ ದೋಷವೂ ಕೇಳಿಸಲಿಲ್ಲ. ಕೇಳಿಸದಿದ್ದರೂ ಅವರು, ಜನ್ಮದಲ್ಲಿ ಯಾರನ್ನೂ ಕೇಳದ ಮಾತನ್ನು ಕೇಳಿದರು: "ಹೇಗಿದೆಯಮ್ಮ ಕ್ಲಚ್ಚು?"

ಅವಳು ದಿಬ್ಬದ ತಲೆಗೆ ಬಂದು ಗೇರು ಬದಲಿಸಿದಳು. ಕಟಕ್ಕೆಂದು ಸದ್ದಾಯಿತು.

"ಹೇಳಲಾ?" ಎಂದಳು.

"ಹೇಳು."

"ಈಗ ಸಡಿಲ ಜಾಸ್ತಿ ಆಗಿದೆ ಮಾವ. ಕ್ಲಚ್ಚು ಪೂರ್ತಿ ಬಿಡ್ತಿಲ್ಲ, ಗೇರು ಒದ್ಕೊಂಡು ಬೀಳ್ತಿದೆ."

"ಪಕ್ಕಕ್ಕೆ ನಿಲ್ಲಿಸು," ಎಂದರು ಡಾಕ್ಟ್ರು. ಇಳಿದು, ಜೇಬಿನಿಂದ ಸ್ಪ್ಯಾನರ್ ತೆಗೆದು, ಅವಳ ಬಿಳಿಚಿಕೊಂಡ ಬೆರಳುಗಳಿಗೆ ಕೊಟ್ಟು, ತಾವು ಐಸ್ ಡಬ್ಬ ಹಿಡಿದುಕೊಂಡು ನಿಂತರು.