ಪಂಪ್ ಡಾಕ್ಟರನ ಹತ್ತು ನಿಮಿಷ

ನಮ್ಮ ಕಸುಬಿನಲ್ಲಿ ‘ಹತ್ತು ನಿಮಿಷ’ ಎಂದರೆ ಗಡಿಯಾರದ ಹತ್ತು ನಿಮಿಷವಲ್ಲ. ಗಿರಾಕಿ ಜಗಳಕ್ಕೆ ಬರದ ಹಾಗೆ ಬೆಂಚಿನ ಮೇಲೆ ಕೂರಿಸುವ ಮಾತು ಅದು. ಮೆಕ್ಯಾನಿಕ್‌ಗಳಿಗೆಲ್ಲ ಇದು ಗೊತ್ತು, ಗಿರಾಕಿಗಳಿಗೂ ಗೊತ್ತು. ನನ್ನ ತಾಯಿಗೆ ಗೊತ್ತಿರಲಿಲ್ಲ.

ನನ್ನನ್ನು ಎಲ್ಲರೂ ಪಂಪ್ ಡಾಕ್ಟರ್ ಎನ್ನುತ್ತಾರೆ. ಕಾರಿನ ಟ್ಯಾಂಕಿನೊಳಗೆ ಮುಳುಗಿ ಕೂತು ಇಂಜಿನ್ನಿಗೆ ಪೆಟ್ರೋಲ್ ತಳ್ಳುವ ಪುಟ್ಟ ಪಂಪು ಇದೆಯಲ್ಲ, ಇಪ್ಪತ್ತೆರಡು ವರ್ಷದಿಂದ ಅದರದ್ದೇ ಕೆಲಸ. ಕೀ ತಿರುಗಿಸಿದಾಗ ಹಿಂದಿನ ಸೀಟಿನಡಿಯಿಂದ ‘ಗುಂಯ್’ ಅನ್ನುವುದನ್ನು ಕೇಳಿಯೇ ಅದು ಇನ್ನೆಷ್ಟು ದಿನ ಬಾಳುತ್ತದೆಂದು ಹೇಳಬಲ್ಲೆ. “ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗೆ ಇಳಿಸ್ಬೇಡ್ರೀ, ಪೆಟ್ರೋಲೇ ಪಂಪನ್ನ ತಣ್ಣಗಿಡೋದು” ಎಂದು ಕಂಡಕಂಡವರಿಗೆಲ್ಲ ಬೈಯುತ್ತೇನೆ. ನನ್ನ ಕಾರು ಮಾತ್ರ ಸದಾ ರಿಸರ್ವ್‌ನಲ್ಲೇ ಓಡುತ್ತಿತ್ತು. ಪುರಾಣ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ. ಅದರ ಪಂಪು ನರಳಲು ಶುರುಮಾಡಿ ನಾಲ್ಕು ತಿಂಗಳಾಗಿತ್ತು. ನಿಂತಾಗಲೆಲ್ಲ ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಎರಡೇಟು ಹಾಕಿದರೆ ಏಳುತ್ತಿತ್ತು. ಹೊಸ ಪಂಪು ಡಿಕ್ಕಿಯಲ್ಲೇ ಬಿದ್ದಿತ್ತು. ಹಾಕಲು ಪುರುಸೊತ್ತಿಲ್ಲ ಎಂದುಕೊಳ್ಳುತ್ತಿದ್ದೆ. ಅದು ಬರೀ ಸೋಮಾರಿತನ.

ಆ ದಿನ ಬೆಳಿಗ್ಗೆ ದೊಡ್ಡಮ್ಮನ ಮಗಳು ಫೋನ್ ಮಾಡಿದಳು. “ಅಮ್ಮಂಗೆ ಉಸಿರಾಡೋಕೇ ಆಗ್ತಿಲ್ಲ ಕಣೋ. ಚಿಕ್ಕಮ್ಮನ್ನ ನೋಡ್ಬೇಕು ಅಂತಾನೇ ಇದಾಳೆ. ಹೇಗಾದ್ರೂ ಮಾಡಿ ಕರ್ಕೊಂಡ್ ಬಾ.”

ಅಮ್ಮ ತನ್ನ ಅಕ್ಕನ ಜತೆ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಕಾರಣ ನಾನೇ. ಒಮ್ಮೆ ನೆಂಟರೆಲ್ಲ ಸೇರಿದ್ದಾಗ ದೊಡ್ಡಮ್ಮ, “ನಿನ್ನ ಮಗ ಗ್ರೀಸ್ ಒರೆಸ್ಕೊಂಡೇ ಮುದುಕ ಆಗ್ತಾನೆ ಬಿಡು” ಅಂದಿದ್ದಳು. ತಮಾಷೆಗೆ ಅಂದದ್ದು. ನಾನೂ ನಕ್ಕಿದ್ದೆ. ಅಮ್ಮನಿಗೆ ನಗು ಬರಲಿಲ್ಲ. ಅಂದು ಎದ್ದು ಬಂದವಳು ಮತ್ತೆ ಅಕ್ಕನ ಹೊಸಿಲು ತುಳಿದಿರಲಿಲ್ಲ. ಆ ಬೆಳಿಗ್ಗೆ ಮಾತ್ರ, ನಾನು ಫೋನ್ ಕೆಳಗಿಡುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

ಅರವತ್ತು ಕಿಲೋಮೀಟರ್ ದಾರಿ. ನಲವತ್ತು ದಾಟಿದ ಮೇಲೆ ಕಾರು ಎರಡು ಸಲ ಕೆಮ್ಮಿ ನಿಂತಿತು. ಕೆಳಗೆ ನುಸುಳಿ ಎರಡೇಟು ಹಾಕಿದೆ. ಆಮೇಲೆ ಹತ್ತು ಹಾಕಿದೆ. ಪಂಪು ಸತ್ತಿತ್ತು.

ಅಷ್ಟರಲ್ಲಿ ಒಂದು ಗೂಡ್ಸ್ ವ್ಯಾನು ಪಕ್ಕಕ್ಕೆ ಬಂದು ನಿಂತಿತು. ಡ್ರೈವರ್ ನನ್ನ ಹಳೇ ಗಿರಾಕಿ. “ಏನ್ ಡಾಕ್ಟ್ರೇ, ನಿಮ್ ಗಾಡೀನೇ ಮಲ್ಕೊಂಡ್ಬಿಡ್ತಾ?” ಎಂದು ಹಲ್ಲು ಕಿರಿದ. “ಅಮ್ಮನ್ನ ಕಳ್ಸಿ. ಆ ಕಡೇನೇ ಹೊರಟಿದೀನಿ, ಬಿಡ್ತೀನಿ.”

ಅಮ್ಮ ಆಗಲೇ ಒಂದು ಕಾಲು ಹೊರಗಿಟ್ಟಿದ್ದಳು. ನನಗೋ ಅವನ ನಗು ಮೈಯೆಲ್ಲ ಉರಿಸಿತ್ತು. ಪಂಪ್ ಡಾಕ್ಟರನ ಕಾರು ಪಂಪು ಕೆಟ್ಟು ದಾರಿಯಲ್ಲಿ ನಿಂತಿತ್ತು, ಅವನ ತಾಯಿ ಕಂಡವರ ವ್ಯಾನಿನಲ್ಲಿ ಹೋದಳು ಎಂದು ಇವನು ಊರಿಗೆಲ್ಲ ಡಂಗುರ ಹೊಡೆಯುತ್ತಾನೆ ಅನಿಸಿತು.

“ನೀನ್ ನಡಿಯಪ್ಪ. ಹತ್ತು ನಿಮಿಷದ ಕೆಲ್ಸ” ಅಂದೆ.

“ಹತ್ತೇ ನಿಮಿಷಾನಾ?” ಅಮ್ಮ ಕೇಳಿದಳು.

“ಹತ್ತೇ, ಅಮ್ಮ.”

ಅವಳು ಕಾಲು ಒಳಗೆಳೆದುಕೊಂಡಳು. ವ್ಯಾನು ಹೋಯಿತು.

ಆಮೇಲೆ ಅವಳನ್ನು ಇಳಿಸಲೇಬೇಕಾಯಿತು. ಪಂಪು ಇದ್ದದ್ದು ಅವಳು ಕೂತ ಸೀಟಿನಡಿಯಲ್ಲೇ. ಸ್ಪೇರ್ ಟೈರನ್ನು ನೆರಳಿಗೆ ಹಾಕಿ ಕೂರಿಸಿದೆ. ಬ್ಯಾಟರಿ ವೈರ್ ಬಿಚ್ಚಿ, ಸೀಟು ಎತ್ತಿ, ತಗಡಿನ ಮುಚ್ಚಳದ ನಾಲ್ಕು ಸ್ಕ್ರೂ ತೆಗೆದೆ. “ನಂಗೂ ಏನಾದ್ರೂ ಕೆಲ್ಸ ಕೊಡೋ” ಎಂದಳು. ಸ್ಕ್ರೂಗಳನ್ನು ಅವಳ ಅಂಗೈಯಲ್ಲಿಟ್ಟೆ. ಟ್ಯಾಂಕಿಗೆ ಧೂಳು ಬೀಳದಂತೆ ಬ್ರಷ್ ಆಡಿಸಿ, ಪೈಪು ಬಿಡಿಸಿದೆ. ಪಂಪನ್ನು ಹಿಡಿದಿಡುವ ಪ್ಲಾಸ್ಟಿಕ್ ಉಂಗುರ ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ. ಅಲ್ಲಿ ಕಬ್ಬಿಣದ ಸುತ್ತಿಗೆ ಆಡಿಸುವಂತಿಲ್ಲ. ಒಂದು ಕಿಡಿ ಹಾರಿದರೂ ಕಥೆ ಮುಗಿಯಿತು. ಮರದ ತುಂಡಿಟ್ಟು ಸುತ್ತಲೂ ತಟ್ಟುತ್ತಾ, ಬೆವರು ಒರೆಸಿಕೊಳ್ಳುತ್ತಾ ಮುಕ್ಕಾಲು ಗಂಟೆ ಕಳೆದೆ.

ಅಮ್ಮ ತನ್ನಷ್ಟಕ್ಕೆ ಮಾತಾಡಿಕೊಳ್ಳುತ್ತಿದ್ದಳು. “ಮೊದ್ಲು ಏನನ್ಲಿ? ಹೇಗಿದೀಯ ಅಂತ ಕೇಳೋದು ಚೆನ್ನಾಗಿರಲ್ಲ. ‘ಅಕ್ಕ, ಬಂದೆ ಕಣೇ’ ಅಂದ್ರೆ ಸಾಕು, ಅಲ್ವೇನೋ?”

“ಸಾಕಮ್ಮ” ಅಂದೆ, ತಲೆ ಎತ್ತದೆ.

“ಇನ್ನೆಷ್ಟು ಹೊತ್ತು?”

“ಆಯ್ತು, ಹತ್ತು ನಿಮಿಷ.”

ಅವಳು ಮೂರನೇ ಸಲ ಕೇಳಲಿಲ್ಲ. ಹೊಸ ಪಂಪು ಕೂತು, ಹೊಸ ರಬ್ಬರ್ ಬಿಗಿದು, ಕೀ ತಿರುಗಿಸಿದಾಗ ಚೊಕ್ಕವಾಗಿ ‘ಗುಂಯ್’ ಅಂದಿತು. ನಾಚಿಕೆಗೇಡಿ ನಾನು, ಆ ಶಬ್ದಕ್ಕೆ ಖುಷಿಪಟ್ಟೆ. ಅಷ್ಟು ಹೊತ್ತಿಗೆ ಒಂದು ಗಂಟೆ ಹತ್ತು ನಿಮಿಷವಾಗಿತ್ತು.

ದೊಡ್ಡಮ್ಮನ ಮನೆ ಮುಂದೆ ಚಪ್ಪಲಿಗಳು ರಾಶಿ ಬಿದ್ದಿದ್ದವು. ಮಗಳು ಬಾಗಿಲಿಗೆ ಬಂದಳು. ಅತ್ತು ಅತ್ತು ಅವಳ ದನಿ ಬಿದ್ದುಹೋಗಿತ್ತು.

“ಅಮ್ಮ ಹೋಗಿ ಇಪ್ಪತ್ತು ನಿಮಿಷ ಆಯ್ತು ಚಿಕ್ಕಮ್ಮ. ಗಾಡಿ ಸದ್ದಾದಾಗ್ಲೆಲ್ಲ ‘ಬಂದ್ಲಾ?’ ಅಂತ ಕೇಳ್ತಿದ್ಲು.”

ಆ ವ್ಯಾನಿನಲ್ಲಿ ಕಳಿಸಿದ್ದರೆ ಅಕ್ಕತಂಗಿಯರಿಗೆ ಮುಕ್ಕಾಲು ಗಂಟೆ ಸಿಗುತ್ತಿತ್ತು. ಒಂದು ಸಲ ‘ಅಕ್ಕ’ ಅನ್ನಲು ಅಷ್ಟು ಹೊತ್ತೂ ಬೇಕಿರಲಿಲ್ಲ.

ದೊಡ್ಡಮ್ಮನ ಮಗಳು ನನ್ನ ಕಡೆ ತಿರುಗಿದಳು. “ಈಗ್ಲೇ ಹೊರಡ್ತೀವಿ ಅಂತ ಫೋನಲ್ಲಿ ಅಂದಿದ್ಯಲ್ಲೋ. ಯಾಕೆ ಇಷ್ಟ್ ಹೊತ್ತು? ಗಾಡಿ ಏನಾದ್ರೂ ಕೈ ಕೊಡ್ತಾ?”

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು:

“ಇಲ್ಲ ಕಣೇ. ಇವನ ಕೈಯಲ್ಲಿರೋ ಗಾಡಿ ಯಾಕೆ ಕೆಡತ್ತೆ? ಹೊರಡೋಕೆ ನಾನೇ ತಡ ಮಾಡ್ದೆ.”

“ಹನ್ನೊಂದು ವರ್ಷ ಸಾಲ್ದಾಗಿತ್ತಾ ಚಿಕ್ಕಮ್ಮ? ಇವತ್ತೂ ತಡ ಮಾಡ್ಬೇಕಿತ್ತಾ?”

ನೆರೆದವರೆಲ್ಲ ಅಮ್ಮನನ್ನೇ ನೋಡಿದರು. ಅವಳು ತಲೆ ತಗ್ಗಿಸಿ, “ತಪ್ಪಾಯ್ತು” ಅಂದಳು. ನಾನು ಪಕ್ಕದಲ್ಲೇ ನಿಂತಿದ್ದೆ. ತಡ ಮಾಡಿದ್ದು ಅವಳಲ್ಲ, ನಾನು ಅನ್ನಬೇಕಿತ್ತು. ಅನ್ನಲಿಲ್ಲ.