ಲಿಫ್ಟಿನ ಹಿಂದಿನ ಖಾನೆ

"ನಿಲ್ಲಿಸ್ಬೇಡಿ! ನಮ್ಮಮ್ಮನ್ನ ನಿಲ್ಲಿಸ್ಬೇಡಿ!" ಎನ್ನುತ್ತ ಊನಾ ಶವಪೆಟ್ಟಿಗೆಯ ಹಿಡಿಕೆಗೆ ಜೋತುಬಿದ್ದಳು.

ಶವಸಂಸ್ಕಾರದ ಏರ್ಪಾಟು ವಹಿಸಿಕೊಂಡಿದ್ದ ಕಾಬ್ ತನ್ನ ಆಳುಗಳಿಗೆ ಕಣ್ಸನ್ನೆ ಮಾಡಿದ. ಅವರು ಪೆಟ್ಟಿಗೆಯನ್ನು ಒಂಬತ್ತನೆಯ ಮಹಡಿಯ ನೆಲಕ್ಕೆ ಮೆಲ್ಲಗೆ ಇಳಿಸಿದರು. ಲಿಫ್ಟಿನ ಬಾಗಿಲನ್ನು ಒಬ್ಬ ಕಾಲಿಟ್ಟು ತಡೆದು ನಿಂತಿದ್ದ.

"ನೋಡಮ್ಮ," ಎಂದ ಕಾಬ್, "ಲಿಫ್ಟಲ್ಲಿ ಮಲಗಿಸೋಷ್ಟು ಜಾಗ ಇಲ್ಲ. ಖಾಲಿ ಪೆಟ್ಟಿಗೆ ನಿಂತ್ಕೊಂಡೇ ಮೇಲೆ ಬಂತು. ಇಳಿಯೋದೂ ಹಂಗೇ. ಮೆಟ್ಟಿಲಲ್ಲಾದ್ರೆ ಒಂದೊಂದು ತಿರುವಲ್ಲೂ ನಿಲ್ಲಿಸ್ಬೇಕಾಗುತ್ತೆ. ಚರ್ಚಲ್ಲಿ ಪಾದ್ರಿ ಬೇರೆ ಕಾಯ್ತಿದಾರೆ."

"ಕಾಯ್ಲಿ. ಅಮ್ಮ ಮಲಗೇ ಹೋಗ್ಬೇಕು. ಮಾತು ಕೊಟ್ಟಿದೀನಿ."

ಪಕ್ಕದ ಮನೆಯ ಮರ್ಲೀನ್ ಕರಿ ಟೋಪಿ ಸರಿಮಾಡಿಕೊಂಡು ಮುಂದೆ ಬಂದಳು. "ಬ್ರೈಡಿನ ನಿಲ್ಲಿಸಿ ನೋಡಿ, ಎದ್ದು ಬಂದು ಕಪಾಳಕ್ಕೆ ಬಾರಿಸ್ತಾಳೆ."

ಯಾರೋ ನಕ್ಕರು. ಪೆಟ್ಟಿಗೆ ಕಣ್ಣಿಗೆ ಬಿದ್ದು ಕೆಮ್ಮಿದಂತೆ ಮಾಡಿದರು.

*

ಬ್ರೈಡಿ ಶಾಲೆಯ ಅಡುಗೆಮನೆಯಲ್ಲಿ ದುಡಿದವಳು. ಲಂಡನ್ನಿನ ನಮ್ಮ ಕಟ್ಟಡದಲ್ಲಿ ತಾವಿದ್ದ ಕೌನ್ಸಿಲ್ಲಿನ, ಅಂದರೆ ನಗರಸಭೆಯ, ಬಾಡಿಗೆ ಮನೆಯನ್ನೇ ಗಂಡ ಫಿಂಟನ್ ಜೊತೆ ಸೇರಿ ಕೊಂಡಾಗ, ಬಾಗಿಲಿಗೆ ಹಳದಿ ಬಣ್ಣ ಬಳಿದು ಸಂಭ್ರಮಪಟ್ಟಿದ್ದಳು. ಮನೆ ಅವರದಾಯಿತು, ಕಟ್ಟಡ ಮಾತ್ರ ಕೌನ್ಸಿಲ್ಲಿನದೇ. ಮೆಟ್ಟಿಲು, ದೀಪ, ಲಿಫ್ಟುಗಳ ನಿರ್ವಹಣೆಗೆಂದು ವರ್ಷಕ್ಕೊಂದು ಬಿಲ್ಲು ಬರುತ್ತಿತ್ತು. ಮನೆ ಕೊಂಡವರೆಲ್ಲ ಗೊಣಗುತ್ತಲೇ ಕಟ್ಟುತ್ತಿದ್ದೆವು, ಬ್ರೈಡಿಯೂ ಕಟ್ಟುತ್ತಿದ್ದಳು.

ಫಿಂಟನ್ ಸತ್ತಾಗ, ಅವರ ಐರಿಷ್ ಜನರ ರೂಢಿಯಂತೆ, ಅವನನ್ನು ಮನೆಯಲ್ಲೇ ಮಲಗಿಸಿ ಚಹಾ, ವಿಸ್ಕಿ, ಹಾಡುಗಳೊಂದಿಗೆ ರಾತ್ರಿಯಿಡೀ ಹೆಣ ಕಾದರು. ಆಮೇಲೆ ಪೆಟ್ಟಿಗೆಯನ್ನು ಲಿಫ್ಟಿನ ಎಡಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ ಇಳಿಸಿದರು. ನಾಲ್ಕನೆಯ ಮಹಡಿಯ ಹತ್ತಿರ ಲಿಫ್ಟು ಕುಲುಕಿತು. ಪೆಟ್ಟಿಗೆಯೊಳಗೆ ಏನೋ ಜಾರಿ ಧೊಪ್ಪೆಂದಿತು. ಬ್ರೈಡಿಯ ಅಂಗೈ ಆಗ ಅದರ ಮೇಲೇ ಇತ್ತು.

ಆ ವರ್ಷದ ಬಿಲ್ಲನ್ನು ಅವಳು ಮೊದಲ ಸಲ ಪೂರ್ತಿ ಓದಿದಳು. 'ಲಿಫ್ಟಿನ ಹಿಂದಿನ ಶವಪೆಟ್ಟಿಗೆ ಖಾನೆ: ಶುಚಿ ಮತ್ತು ದುರಸ್ತಿ' ಎಂದಿತ್ತು. ಪೆಟ್ಟಿಗೆಯನ್ನು ಮಲಗಿಸಿಯೇ ಒಯ್ಯಲೆಂದು ಕೆಲವು ಲಿಫ್ಟುಗಳ ಹಿಂಗೋಡೆಯಲ್ಲಿ ಅಂಥ ಗೂಡಿರುತ್ತದೆ. ಮೈಯೆಲ್ಲ ಉರಿದುಹೋಗಿ ನೇರ ಕೌನ್ಸಿಲ್ ಕಚೇರಿಗೆ ಹೋದಳು.

"ನಿಮ್ಮ ಕಟ್ಟಡದಲ್ಲಿ ಅಂಥಾದ್ದಿಲ್ಲಮ್ಮ," ಎಂದ ಅಧಿಕಾರಿ ಪ್ಲಮ್ಲಿ.

"ಇಲ್ದಿದ್ರೆ ದುಡ್ಡು ಯಾಕೆ ಕೀಳ್ತೀರಿ? ಇದ್ರೆ ನನ್ನ ಗಂಡ ಯಾಕೆ ನಿಂತ್ಕೊಂಡು ಹೋದ? ಎರಡರಲ್ಲಿ ಒಂದು ಹೇಳಿ."

"ಖರ್ಚನ್ನ ಎಲ್ಲ ಕಟ್ಟಡಕ್ಕೂ ಸೇರಿಸಿ ಹಂಚ್ತೀವಿ."

"ಹೆಂಗೆ ಹಂಚ್ತೀರಿ, ತೋರ್ಸಿ."

"ಹಾಗೆಲ್ಲ ತೋರ್ಸಕ್ಕಾಗಲ್ಲ."

ಪ್ರತಿ ವರ್ಷ ಹೋಗಿ ಕೇಳಿದಳು. ನಾವೂ ಸಂಘ ಕಟ್ಟಿಕೊಂಡು ಅವಳ ಹಿಂದೆ ಹೋದೆವು. ಉತ್ತರ ಬದಲಾಗಲಿಲ್ಲ.

ಅಷ್ಟರಲ್ಲಿ ಬ್ರೈಡಿ ಲಿಫ್ಟಿನ ಎಡಮೂಲೆಯಲ್ಲಿ ಯಾರನ್ನೂ ನಿಲ್ಲಗೊಡದಾದಳು. "ಸ್ವಲ್ಪ ಸರ್ಕೊಳ್ರಪ್ಪಾ, ಫಿಂಟನ್ ಇನ್ನೂ ಅಲ್ಲೇ ನಿಂತಿದಾನೆ. ಪಾಪ, ಕಾಲು ನೋಯ್ತವಂತೆ." ಮೊದಮೊದಲು ನಾವು ಮುಖ ತಿರುಗಿಸಿ ನಗುತ್ತಿದ್ದೆವು. ಆಮೇಲೆ, ನಾಲ್ಕನೆಯ ಮಹಡಿ ದಾಟುವಾಗ, ಆ ಮೂಲೆಯ ಹಿಂಗೋಡೆಯಲ್ಲಿ ಧೊಪ್ಪೆಂದದ್ದು ನಮಗೂ ಕೇಳಿಸತೊಡಗಿತು. ಹೇಳಿಸಿಕೊಳ್ಳದೆಯೇ ಆ ಮೂಲೆ ಬಿಟ್ಟು ನಿಲ್ಲುವುದು ಎಲ್ಲರಿಗೂ ರೂಢಿಯಾಯಿತು.

*

ಈಗ ಬ್ರೈಡಿಯ ಪೆಟ್ಟಿಗೆಗಾಗಿ ಲಿಫ್ಟು ಮೇಲೇ ನಿಂತಿದ್ದರಿಂದ ಪ್ಲಮ್ಲಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಬಂದ. ತಲೆಯ ಮೇಲೆ ಟೋಪಿ, ಕೈಯಲ್ಲಿ ಬಿಳಿ ಹೂವಿತ್ತು. ನಮ್ಮ ಕಟ್ಟಡಕ್ಕೆ ಅವನು ಬಂದದ್ದು ಅದೇ ಮೊದಲು.

"ಇಷ್ಟು ವರ್ಷ ನನ್ನನ್ನ ಬೈದೋರು. ಬರದೇ ಇರಕ್ಕಾಗ್ಲಿಲ್ಲ," ಎಂದ.

ಊನಾ ಹೂವು ಮುಟ್ಟಲಿಲ್ಲ. "ಇವತ್ತಾದ್ರೂ ಹೇಳಿ ಸಾರ್. ಆ ಖಾನೆ ಇದೆಯೋ ಇಲ್ವೋ?"

"ಕಟ್ಟಡದ ಕಾಗದದಲ್ಲಿ ಇಲ್ಲಮ್ಮ..."

"ಕಾಗದ ಒಲೆಗೆ ಹಾಕಿ!" ಮರ್ಲೀನ್ ಅವನ ರಟ್ಟೆ ಹಿಡಿದು ಲಿಫ್ಟಿನೊಳಗೆ ಎಳೆದಳು. "ಕಣ್ಣು ಬಿಟ್ಟು ನೋಡಿ."

ಹಿಂಗೋಡೆಗೆ ಕೌನ್ಸಿಲ್ಲಿನದೇ ಸೂಚನಾ ಫಲಕವಿತ್ತು. ಪ್ಲಮ್ಲಿ ಅದನ್ನು ಬೆರಳಿನಿಂದ ತಟ್ಟಿದ, ಹಿಂದೆ ಟೊಳ್ಳು ಸದ್ದಾಯಿತು. ಆಮೇಲೆ ಕಾಬ್‌ನಿಂದ ಸ್ಕ್ರೂಡ್ರೈವರ್ ಇಸಿದುಕೊಂಡು ತಾನೇ ಫಲಕ ಬಿಚ್ಚಿದ. ಹಿಂದೆ, ಬಣ್ಣ ಮೆತ್ತಿದ ಬೀಗದ ತೂತೊಂದು ಕಂಡಿತು.

ಅವನು ಕೂಡಲೇ ಕಚೇರಿಗೆ ಫೋನ್ ಮಾಡಿದ. ಕೀಲಿ ನಮ್ಮ ಕಟ್ಟಡದ ಹೆಸರಿನ ಕೆಳಗೆ ಮೊಳೆಯಲ್ಲಿ ತೂಗುತ್ತಲೇ ಇತ್ತಂತೆ. ಟ್ಯಾಕ್ಸಿಯಲ್ಲಿ ತರಿಸಿದರು.

ಗೋಡೆ ಕಿರುಗುಟ್ಟಿ ತೆರೆದುಕೊಂಡಿತು. ಒಳಗೆ ಪೆಟ್ಟಿಗೆಯ ಅರ್ಧ ಹಿಡಿಯುವಷ್ಟು ಉಕ್ಕಿನ ಗೂಡು. ಉಕ್ಕಿಗೆ ಕಾರ್ಖಾನೆಯಲ್ಲಿ ಅಂಟಿಸಿದ ನೀಲಿ ಪ್ಲಾಸ್ಟಿಕ್ ಹಾಳೆಯನ್ನು ಯಾರೂ ಸುಲಿದಿರಲಿಲ್ಲ.

"ಶುಚಿ ಮತ್ತು ದುರಸ್ತಿ," ಎಂದಳು ಮರ್ಲೀನ್.

"ನಾನೊಂದ್ಸಲ ಬಂದು ನೋಡ್ಬಹುದಿತ್ತು," ಎಂದ ಪ್ಲಮ್ಲಿ.

"ಅಪ್ಪನೂ ಮಲಗ್ಬಹುದಿತ್ತು." ಅಲ್ಲಿಯವರೆಗೆ ತಡೆದುಕೊಂಡಿದ್ದ ಊನಾ ಬಿಕ್ಕಿಬಿಕ್ಕಿ ಅತ್ತಳು. ಅಳುತ್ತಲೇ ಗೂಡಿನ ನೆಲದ ಹಾಳೆಯನ್ನು ಉಗುರಿನಿಂದ ಸುಲಿದಳು.

ಬ್ರೈಡಿಯನ್ನು ಮಲಗಿಸಿಯೇ, ಅರ್ಧ ಪೆಟ್ಟಿಗೆ ಖಾನೆಯಲ್ಲಿ ಅರ್ಧ ಲಿಫ್ಟಿನಲ್ಲಿ ಬರುವಂತೆ, ಒಳಗೆ ಸರಿಸಿದರು. ಪೆಟ್ಟಿಗೆಯ ಪಕ್ಕ ಊನಾ, ಮರ್ಲೀನ್, ಕಾಬ್ ಒತ್ತಿಕೊಂಡು ನಿಂತರು. ಕೊನೆಗೆ ಹತ್ತಿದ ಪ್ಲಮ್ಲಿ ಖಾಲಿಯಿದ್ದ ಎಡಮೂಲೆಗೆ ಹೆಜ್ಜೆಯಿಟ್ಟ. ಮರ್ಲೀನ್ ಅವನ ತೋಳು ಹಿಡಿದಳು.

"ಅಲ್ಲಿ ಬೇಡ. ಅದು ಫಿಂಟನ್ ಜಾಗ."

ಅವನು ಬಾಗಿಲಿಗೆ ಅಂಟಿಕೊಂಡು ನಿಂತ. ಲಿಫ್ಟು ಇಳಿಯತೊಡಗಿತು. ಹಿಂದಿನ ಖಾನೆಯಲ್ಲಿ ಬ್ರೈಡಿಯ ಪೆಟ್ಟಿಗೆ ಅಲುಗದೆ ಮಲಗಿತ್ತು. ನಾಲ್ಕನೆಯ ಮಹಡಿ ದಾಟುವಾಗ, ಎಡಮೂಲೆಯಲ್ಲಿ ಧೊಪ್ಪೆಂದಿತು.

ಪ್ಲಮ್ಲಿ ಆ ಖಾಲಿ ಮೂಲೆಯ ಕಡೆ ತಿರುಗಿ, ತಲೆಯ ಮೇಲಿನ ಟೋಪಿ ತೆಗೆದ.