ದೂರ ಸರಿದಿದ್ದೇನೆ

ವಾಡಿ ಹತ್ತಿರದ ಆ ಸುಣ್ಣದಕಲ್ಲಿನ ಗಣಿಯಲ್ಲಿ ಮದ್ದು ಸಿಡಿಸುವ ಮುಂಚೆ ಅಬ್ದುಲ್ ಸಲಾಂ ಕೆಂಪು ಬಾವುಟ ಹಿಡಿದು ಅಂಚನ್ನೆಲ್ಲ ಸುತ್ತುತ್ತಿದ್ದ. ಸೀಟಿ ಊದುತ್ತಿದ್ದ, ಬಾಯಿಗೆ ಬಂದಂತೆ ಬಯ್ಯುತ್ತಿದ್ದ. ತಳದಲ್ಲಿ ನೀರೆತ್ತುವ ಪಂಪ್ ನೋಡಿಕೊಳ್ಳುವ ಅಂಬಾರಾಯನಿಗೆ ಆ ಸದ್ದಿನಲ್ಲಿ ಸೀಟಿಯೂ ಕೇಳಿಸದು, ಬಯ್ಗುಳವೂ ಕೇಳಿಸದು. ಅದಕ್ಕೆ ಸಲಾಂ ಕೆಳಗಿಳಿದು ರಟ್ಟೆ ಹಿಡಿದು ಕರೆತರುತ್ತಿದ್ದ. ಇಷ್ಟು ಸರಳ ಕೆಲಸಕ್ಕೂ ಒಂದು ಆ್ಯಪ್ ಬೇಕೆಂದು ಯಾವ ಪುಣ್ಯಾತ್ಮನಿಗೆ ಹೊಳೆಯಿತೋ ನನಗೆ ಗೊತ್ತಿಲ್ಲ.

ಮದ್ದು ಸಿಡಿಸುವ ಮುಂಚೆ ಕೆಲಸಗಾರರ ಫೋನುಗಳೆಲ್ಲ ಕೂಗಿಕೊಳ್ಳಬೇಕು. ಅವರು ಮೇಲೆ ಬಂದು ‘ದೂರ ಸರಿದಿದ್ದೇನೆ’ ಎಂಬ ಗುಂಡಿ ಒತ್ತಬೇಕು. ಒತ್ತಿದ ಫೋನು ಗಣಿಯ ಎಲ್ಲೆಯೊಳಗೇ ಇದೆಯೇ ಎಂದೂ ಆ್ಯಪ್ ನೋಡಿಕೊಳ್ಳುತ್ತದೆ. ಎಲ್ಲರೂ ಒತ್ತಿದರೆ ಎಲ್ಲರ ಹೆಸರೂ ಹಸಿರಾಗುತ್ತದೆ, ಆಮೇಲೆ ಮದ್ದು ಸಿಡಿಸಬಹುದು. ಇದು ಸರಿಯಾಗಿ ನಡೆಯುತ್ತದೋ ಇಲ್ಲವೋ ನೋಡುವ ಕೆಲಸ ಶಹಾಬಾದಿನ ಒಂದು ಸಣ್ಣ ಕಂಪನಿಗೆ ಬಂತು. ಅಲ್ಲಿ ಕೆಲಸಕ್ಕಿದ್ದವಳು ಲುಂಬಿನಿ, ಅಂಬಾರಾಯನ ಮಗಳು. ಪರೀಕ್ಷೆಗೆಂದು ಬೇರೆ ಫೋನು ಕೊಳ್ಳುವಷ್ಟು ದೊಡ್ಡ ಕಂಪನಿಯಲ್ಲ ಅದು. ಹುಡುಗಿಯರು ಗಣಿಗೆ ಹೋಗುವ ತಮ್ಮ ತಮ್ಮ ಮನೆಯವರ ನಂಬರು ಹಾಕುತ್ತಿದ್ದರು. ಲುಂಬಿನಿ ಅಪ್ಪನ ನಂಬರು ಹಾಕಿದಳು. ಪ್ರತಿ ಸಲವೂ ಮೊದಲು ಅವನಿಗೆ ಫೋನು ಮಾಡುತ್ತಿದ್ದಳು.

“ಯಪ್ಪಾ, ಈಗ ಬರೂದು ನಂದು ಟೆಸ್ಟ್. ಓಡಬ್ಯಾಡ, ಸುಮ್ನ ಗುಂಡಿ ಒತ್ತು.”

“ಒತ್ತಲಿಲ್ಲಂದ್ರ ಏನಾಗ್ತದವ್ವಾ?”

“ನನ್ನ ರಿಪೋರ್ಟ್‌ನ್ಯಾಗ ಕೆಂಪು ಬರ್ತದ.”

ಅಂಬಾರಾಯನಿಗೆ ಅಷ್ಟು ಸಾಕಾಯಿತು. ಅಂದಿನಿಂದ ಊಟ ಮಾಡುತ್ತಿದ್ದರೂ ರೊಟ್ಟಿ ಕೆಳಗಿಟ್ಟು ಒತ್ತುತ್ತಿದ್ದ.

ಆಮೇಲೆ ಕಂಪನಿಗೆ ಎಐ ಸಹಾಯಕ ಬಂತು. ಏನು ನೋಡಬೇಕೆಂದು ಕನ್ನಡದಲ್ಲೇ ಹೇಳಿದರೆ ಸಾಕು, ಪರೀಕ್ಷೆಗಳನ್ನು ತಾನೇ ಬರೆಯುತ್ತದೆ, ತಾನೇ ನಡೆಸುತ್ತದೆ, ಎಲ್ಲಾದರೂ ಮುರಿದರೆ ತಾನೇ ರಿಪೇರಿ ಮಾಡುತ್ತದೆ. ಲುಂಬಿನಿಗೆ ಜೀವ ಹಗುರಾಯಿತು. ಸುಳ್ಳು ಯಾಕೆ, ನನಗಾದರೂ ಆಗುತ್ತಿತ್ತು. ಆದರೆ ಅದು ಹೊತ್ತುಗೊತ್ತಿಲ್ಲದೆ ಎಚ್ಚರಿಕೆ ಕಳಿಸುತ್ತಿತ್ತು, ಮೊದಲು ಅಪ್ಪನಿಗೆ ಫೋನು ಮಾಡುತ್ತಿರಲಿಲ್ಲ.

“ಇನ್ ಮ್ಯಾಲೆ ಬರೂದೆಲ್ಲಾ ನಂದೇ ಅಂತ ತಿಳ್ಕೊ ಯಪ್ಪಾ,” ಎಂದಳು ಲುಂಬಿನಿ. “ಖರೇ ಬ್ಲಾಸ್ಟಿಂಗ್ ಇದ್ರ ಸಲಾಂ ಚಾಚಾ ಬರ್ತಾರಲ್ಲ.”

ಆ ದಿನಕ್ಕೆ ಅದು ಸರಿಯಾದ ಮಾತೇ.

ಜೇಬಿನಲ್ಲಿ ಫೋನು ನಡುಗಿದಾಗಲೆಲ್ಲ ಅಂಬಾರಾಯ ಪಂಪ್ ನಿಲ್ಲಿಸಿ, ಕೈ ಒರೆಸಿಕೊಂಡು ಒತ್ತುತ್ತಿದ್ದ. ಸೂಪರ್‌ವೈಸರ್ ರಮೇಶಕುಮಾರ ಒಂದು ದಿನ ಎಲ್ಲರೆದುರು ರೇಗಿದ. “ಪಂಪ್ ನಡಸಾಕ ಬಂದಿಯೋ, ಫೋನ್ ಒತ್ತಾಕ ಬಂದಿಯೋ?” ಮರುದಿನದಿಂದ ಅಂಬಾರಾಯ ಫೋನನ್ನು ಮನೆಯಲ್ಲೇ ಬಿಟ್ಟು ಹೋಗತೊಡಗಿದ. ಹೆಂಡತಿ ಸಾಬಮ್ಮನಿಗೆ ಓದು ಬಾರದು. ಅವಳ ಬೆರಳು ಹಿಡಿದು ಜಾಗ ತೋರಿಸಿಕೊಟ್ಟ. “ಆವಾಜ್ ಬಂದ ಕೂಡ್ಲೆ ಇಲ್ಲಿ ಒತ್ತು. ಹುಡುಗಿ ಕೆಲಸ ಕೆಡಬಾರ್ದು.” ಮಗಳಿಗೆ ಇದನ್ನು ಯಾರೂ ಹೇಳಲಿಲ್ಲ. ಗಂಡ ಹೆಂಡತಿಗೆ ಅದರಲ್ಲಿ ಹೇಳುವಂಥದ್ದೇನೂ ಕಾಣಲಿಲ್ಲ.

ಸಹಾಯಕಕ್ಕೆ ಮಾತ್ರ ಗೊತ್ತಾಯಿತು. ‘ಒಂದು ಫೋನು ಗಣಿಯ ಎಲ್ಲೆಯೊಳಗೆ ಕಾಣುತ್ತಿಲ್ಲ. ಇದರಿಂದ ಪರೀಕ್ಷೆ ವಿಫಲವಾಗುತ್ತಿದೆ. ಜಾಗದ ತಪಾಸಣೆಯನ್ನು ಕೈಬಿಡಲೇ?’ ಎಂದು ಕೇಳಿತು. ಲುಂಬಿನಿ ನಂಬರು ನೋಡಿದಳು, ಅಪ್ಪನದು. ಅಷ್ಟು ಆಳದಲ್ಲಿ ಜಾಗ ತೋರಿಸುವ ಸಿಗ್ನಲ್ ಎಲ್ಲಿ ಬರಬೇಕು ಎಂದುಕೊಂಡು ಹೂಂ ಅಂದಳು. ಅದು ಕೈಬಿಟ್ಟಿತು. ಹೇಳಿದ ಮಾತು ಕೇಳುವುದರಲ್ಲಿ ಅದನ್ನು ಮೀರಿಸಿದವರಿಲ್ಲ. ಪರೀಕ್ಷೆಯಲ್ಲೇ ಬೇಡವಾದದ್ದು ಇನ್ನೇಕೆಂದು ಆ್ಯಪ್ ಮಾಡಿದವರೂ ಜಾಗದ ಗೊಡವೆ ಬಿಟ್ಟರು. ರಿಪೋರ್ಟ್ ತುಂಬ ಹಸಿರು. ಆಫೀಸಿನಲ್ಲಿ ಎಲ್ಲರೂ ಲುಂಬಿನಿಗೆ ಚಪ್ಪಾಳೆ ತಟ್ಟಿದರು.

ಆ ರಿಪೋರ್ಟ್ ಕೈಗೆ ಬಂದ ಬೆಳಿಗ್ಗೆಯೇ ರಮೇಶಕುಮಾರ ಅಬ್ದುಲ್ ಸಲಾಂನ ಬಾವುಟ ಇಸಿದುಕೊಂಡು, ಲಾರಿ ತೂಗುವ ಗೇಟಿಗೆ ಕಳಿಸಿದ. ನೆರಳಿನ ಕೆಲಸ ಸಿಕ್ಕಿತೆಂದು ಸಲಾಂ ಖುಷಿಯಿಂದಲೇ ಹೋದ. ಅಂಬಾರಾಯ ಅಷ್ಟರಲ್ಲಾಗಲೇ ತಳಕ್ಕೆ ಇಳಿದಾಗಿತ್ತು. ಇನ್ನು ತನ್ನನ್ನು ಕರೆಯಲು ಯಾರೂ ಬರುವುದಿಲ್ಲವೆಂದು ಅವನಿಗೆ ಹೇಳಿದವರಿಲ್ಲ.

ಮಧ್ಯಾಹ್ನ ಎಚ್ಚರಿಕೆ ಹೋಯಿತು. ಉಳಿದವರು ಮೇಲೆ ಬಂದು ಒತ್ತಿದರು. ಒಂದೊಂದೇ ಹೆಸರು ಹಸಿರಾಗುತ್ತ ಬಂತು, ಅಂಬಾರಾಯನದೂ ಆಯಿತು. ಮದ್ದು ಸಿಡಿಸಿದರು. ಅವನು ಪಂಪಿನ ಮೇಲೆ ಬಗ್ಗಿಕೊಂಡೇ ಇದ್ದನಂತೆ. ಮುಂದಿನದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ಲುಂಬಿನಿ ಶಹಾಬಾದಿನಿಂದ ಬರುವಷ್ಟರಲ್ಲಿ ಹೆಣವನ್ನು ಅಂಗಳಕ್ಕೆ ತಂದಿದ್ದರು. ಮುಖ ತೋರಿಸಲಿಲ್ಲ. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಮಾತು ಕೊರೆಯುತ್ತಿತ್ತು: ನನ್ನ ಟೆಸ್ಟ್ ಎಂದುಕೊಂಡು ಅಪ್ಪ ಅಲ್ಲೇ ಕೂತು ಒತ್ತಿಬಿಟ್ಟ. ತಾಯಿಯನ್ನು ಮುಟ್ಟುವ ಧೈರ್ಯವಾಗದೆ ಅವಳು ಗೋಡೆಗೆ ಒರಗಿ ನಿಂತಳು.

ಸಂಜೆ ವಿಚಾರಣೆಗೆ ಒಬ್ಬ ಸಾಹೇಬರು ಮನೆಗೇ ಬಂದರು. ಅವರ ಹಿಂದೆಯೇ ಬಂದ ರಮೇಶಕುಮಾರ ಕುಳಿತುಕೊಳ್ಳುವ ಮೊದಲೇ ಶುರು ಮಾಡಿದ. “ನಮ್ಮ ತಪ್ಪೇನಿಲ್ರಿ ಸರ್. ಅಂಬಾರಾಯ ತಾನೇ ಒತ್ಯಾನ, ಇಲ್ಲಿ ನೋಡ್ರಿ. ದೂರ ಹೋಗೀನಿ ಅಂತ ಸುಳ್ಳು ಹೇಳಿ ಅಲ್ಲೇ ಕುಂತಾನ.”

ಅಷ್ಟು ಹೊತ್ತು ಗರಬಡಿದವಳಂತೆ ಕೂತಿದ್ದ ಸಾಬಮ್ಮ ತಲೆಯೆತ್ತಿದಳು. ಗಂಡನನ್ನು ಸುಳ್ಳುಗಾರ ಅಂದದ್ದು ಅವಳಿಗೆ ತಡೆಯಲಾಗಲಿಲ್ಲ.

“ಯಾಕ್ರಿ ಸಾಹೇಬ್ರ, ಸತ್ತವರ ಮ್ಯಾಲೆ ಹಾಕ್ತೀರಿ? ಅವ್ರು ಯಾವತ್ತೂ ಸುಳ್ಳು ಹೇಳಿದವ್ರಲ್ಲ. ಫೋನ್ ಮನ್ಯಾಗ ಇತ್ತು. ನಾನ ಒತ್ತೀನ್ರಿ. ರೊಟ್ಟಿ ಬಡಿಯಾಕತ್ತಿದ್ದೆ, ಹಿಟ್ಟಿನ ಕೈಲೇ ಎದ್ದು ಬಂದು ಒತ್ತೀನಿ.”

ಬಾಗಿಲ ಬಳಿಯಿದ್ದ ಅಬ್ದುಲ್ ಸಲಾಂ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ತಾನು ಹೇಳಿದ್ದು ಯಾರಿಗೂ ತಿಳಿಯಲಿಲ್ಲವೇನೋ ಎಂಬಂತೆ ಸಾಬಮ್ಮ ಸುತ್ತ ನೋಡಿದಳು. ಕೊನೆಗೆ ಮಗಳ ಕಡೆ ತಿರುಗಿದಳು.

“ಹೇಳವ್ವಾ ಲುಂಬಿ, ನೀನಾರ ಹೇಳು. ಒತ್ತಿದ್ದು ಬರೋಬ್ಬರಿ ಆಗಿತ್ತಿಲ್ಲೋ?”

ಲುಂಬಿನಿ ಬಂದು ತಾಯಿಯ ಪಕ್ಕ ಕುಳಿತಳು. ಆ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು.

“ಆಗಿತ್ತವ್ವಾ,” ಎಂದಳು.